ಅಪ್ಪನ ಮಾತಿಗೆ ವಾರಂಟಿ

ಮನೆ,
ಗುರುವಾರ, ಹದಿನಾಲ್ಕನೇ ತಾರೀಖು, ಸಂಜೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ನಿಜವಾಗಿಯೂ ಇಳಿದಿದೆಯೋ, ಇಲ್ಲ ಕೇಳಿದವರಿಗೆಲ್ಲ ಇಳಿದಿದೆ ಎಂದು ಹೇಳಿಕೊಂಡು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೀಯೋ? ದೊಡ್ಡಮ್ಮನ ಕಣ್ಣಿನ ಕಟ್ಟು ಬಿಚ್ಚಿದಾಗ ಅವರಿಗೆ ಮೊದಲು ಕಂಡದ್ದು ನಿನ್ನ ನೆರೆತ ಕೂದಲಂತೆ, ಫೋನಿನಲ್ಲಿ ಹೇಳಿ ನಕ್ಕರು. ನಾನು ಚೆನ್ನಾಗಿದ್ದೇನೆ. ಈ ವಾರ ಲ್ಯಾಬಿನಲ್ಲಿ ಕಟ್ಟುಹಲ್ಲಿನ ಹನ್ನೊಂದು ಸೆಟ್ಟು ಮುಗಿಸಿದೆ. ಅದರಲ್ಲಿ ಒಂದು, ಎಂಬತ್ತು ದಾಟಿದ ಅಜ್ಜಿಯದು. ತನಗೆ ಮದುವೆ ಹೆಣ್ಣಿಗಿರುವಂಥ ಬಿಳಿ ಹಲ್ಲೇ ಬೇಕು ಎಂದು ಹಠ ಹಿಡಿದು ಎರಡು ಸಲ ವಾಪಸ್ ಕಳಿಸಿದ್ದರು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಅಪ್ಪನ ಸುದ್ದಿ ಎತ್ತಿದ ಕೂಡಲೇ ನಿನಗೆ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಒಲೆ ಆರಿಸಿ ಬಂದು ಕೂತು ಓದು.

ಎರಡು ವಾರದಿಂದ ನನಗೆ ಒಂದೇ ಸಮನೆ ಹೇಸಿಗೆಯಾಗುತ್ತಿದೆ ಅಮ್ಮ. ಸಿಟ್ಟಾದರೆ ಕೂಗಾಡಿ ಮುಗಿಸಿಕೊಳ್ಳಬಹುದು. ಇದು ಹಾಗಲ್ಲ, ಎಣ್ಣೆ ಜಿಡ್ಡಿನ ಹಾಗೆ ಎಷ್ಟು ತೊಳೆದರೂ ಕೈಬಿಡುವುದಿಲ್ಲ. ಎಲ್ಲ ಶುರುವಾದದ್ದು ಅಪ್ಪನ ಲ್ಯಾಪ್‌ಟಾಪಿನಿಂದ. ಆಪರೇಷನ್ನಿನಲ್ಲಿ ಅಪ್ಪನ ದನಿಪೆಟ್ಟಿಗೆ ತೆಗೆದುಹಾಕಿದ ಮೇಲೆ, ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಬರೆದುಕೊಟ್ಟು ತರಿಸಿದ್ದರಲ್ಲ, ಅದೇ. ಬೆರಳಚ್ಚು ಮಾಡಿದ್ದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತದೆ. ಆ ದನಿ ಕೇಳಿದರೆ ಮೈ ಜುಮ್ಮೆನ್ನುತ್ತೆ, ಗೋಡೆ ಮಾತಾಡಿದ ಹಾಗಿರುತ್ತೆ ಅಂದಿದ್ದೆ ನೀನು. ನೀನು ಹೋದ ಮೇಲೆ ಅಪ್ಪ ಅದನ್ನು ಕ್ಷೌರದ ಅಂಗಡಿಗೆ ತೆಗೆದುಕೊಂಡು ಹೋದರು. ಕನ್ನಡಿಯ ಕೆಳಗಿನ ಹಲಗೆಯ ಮೇಲೆ, ಪೌಡರ್ ಡಬ್ಬಿ, ಬಾಚಣಿಗೆಗಳ ಪಕ್ಕದಲ್ಲಿ ಅದಕ್ಕೊಂದು ಜಾಗ ಮಾಡಿದರು. ಆಪರೇಷನ್ನಿನ ತೂತು ಮುಚ್ಚಲು ತಮ್ಮ ಕುತ್ತಿಗೆಗೆ ಬಟ್ಟೆ ಕಟ್ಟಿಕೊಂಡು ಕತ್ತರಿ ಆಡಿಸುವುದು, ಒಂದು ಪಕ್ಕ ಮುಗಿಯುತ್ತಿದ್ದಂತೆ ನಾಲ್ಕು ಸಾಲು ಕುಟ್ಟುವುದು, ಅದು ಹೇಳಿದ್ದಕ್ಕೆ ಅಂಗಡಿಯೆಲ್ಲ ನಗುವಾಗ ಇನ್ನೊಂದು ಪಕ್ಕಕ್ಕೆ ಕೈ ಹಾಕುವುದು. ಮೂವತ್ತು ವರ್ಷದಿಂದ ಜನ ಅಲ್ಲಿಗೆ ಕೂದಲಿಗಿಂತ ಹೆಚ್ಚಾಗಿ ಮಾತಿಗೇ ಬರುತ್ತಿದ್ದದ್ದು ನಿನಗೆ ಗೊತ್ತಲ್ಲ. ಅವರು ಮತ್ತೆ ಬರತೊಡಗಿದ್ದರು. ರಿಟೈರಾದ ಪೋಸ್ಟ್‌ಮಾಸ್ತರಂತೂ ತಲೆಯಲ್ಲಿ ಕತ್ತರಿಸಲು ಏನೂ ಉಳಿಯದಿದ್ದರೂ ವಾರಕ್ಕೆರಡು ಸಲ ಬಂದು ಕೂರುತ್ತಿದ್ದರು. ಎರಡು ಬೆರಳಿನಲ್ಲಿ ಕುಟ್ಟುತ್ತಿದ್ದ ಅಪ್ಪನಿಗೆ ಹತ್ತು ಬೆರಳಿನಲ್ಲಿ ಕುಟ್ಟುವುದನ್ನು ಕಲಿಸಿದವರೇ ಅವರು.

ಹನ್ನೆರಡನೆಯ ತಿಂಗಳಿಗೆ ಅದರ ಚಾರ್ಜು ನಿಲ್ಲದಾಯಿತು. ವೈರು ಚುಚ್ಚಿದರೆ ‘ಜೋಡಿಸಲಾಗಿದೆ, ಚಾರ್ಜ್ ಆಗುತ್ತಿಲ್ಲ’ ಎಂದು ಬರುತ್ತಿತ್ತು. ತೆಗೆದರೆ ಅಪ್ಪನ ಮಾತು ಅರ್ಧಕ್ಕೇ ಕತ್ತರಿಸಿಹೋಗುತ್ತಿತ್ತು. ನನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿ ನೋಡಿದೆ. ಪ್ಲಗ್ಗಿನ ಜಾಗ ಬದಲಿಸಿದೆ, ಲ್ಯಾಬಿನಿಂದ ಬೇರೆ ಚಾರ್ಜರ್ ತಂದು ಹಾಕಿದೆ, ಪೂರ್ತಿ ಆರಿಸಿ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದೆ. ಆಗಲೇ ಕಂಡದ್ದು, ಮೇಜಿನ ಮೇಲಿಟ್ಟರೆ ಅದು ಕುಂಟು ಕಾಲಿನ ಮಣೆಯ ಹಾಗೆ ಅಲ್ಲಾಡುತ್ತಿತ್ತು. ಹೊಟ್ಟೆ ಉಬ್ಬಿತ್ತು. ಮುಚ್ಚಳ ಸರಿಯಾಗಿ ಮುಚ್ಚುತ್ತಿರಲಿಲ್ಲ, ಬೆರಳಾಡಿಸುವ ಚೌಕ ಒಂದು ಮೂಲೆಯಲ್ಲಿ ಎದ್ದು ನಿಂತಿತ್ತು. ಒಳಗೆ ಬ್ಯಾಟರಿ ಊದಿಕೊಂಡಿದೆ, ಇನ್ನು ಚಾರ್ಜಿಗೆ ಹಾಕಬಾರದು, ಬೆಂಕಿ ಹತ್ತಬಹುದು ಎಂದು ಗೊತ್ತಾಯಿತು. ಸ್ಪಿರಿಟ್ ಬಾಟಲಿಗಳ ಪಕ್ಕದಲ್ಲಿ ಅಂಥದ್ದೊಂದನ್ನು ಇಟ್ಟುಕೊಂಡು ದಿನವಿಡೀ ಕತ್ತರಿ ಆಡಿಸುತ್ತಿದ್ದರಲ್ಲ ಎಂದು ನೆನೆದು ಬೆವೆತುಹೋದೆ. ವಾರಂಟಿ ಮುಗಿಯಲು ಇನ್ನೂ ಆರು ದಿನ ಇತ್ತು. ಅವತ್ತೇ ಅರ್ಧ ದಿನ ರಜೆ ಹಾಕಿ ಸರ್ವೀಸ್ ಸೆಂಟರಿಗೆ ಓಡಿದೆ.

ಆ ಜಾಗವನ್ನು ಹೇಗೆ ಹೇಳಲಿ? ಗಾಜಿನ ಬಾಗಿಲು, ತಣ್ಣನೆ ಗಾಳಿ, ಟೋಕನ್ ಕೊಡುವ ಯಂತ್ರ, ಗೋಡೆಯ ತುಂಬ ನಗುವ ಜನರ ಫೋಟೊ. ಕೂತ ಜನರಲ್ಲಿ ಮಾತ್ರ ಒಬ್ಬರ ಮುಖದಲ್ಲೂ ನಗುವಿರಲಿಲ್ಲ. ಕೌಂಟರಿನಲ್ಲಿದ್ದವನೊಬ್ಬ ಫೋಟೊದವರ ಹಾಗೇ ನಗುತ್ತಿದ್ದ. ಅವನಿಗೆ ನಗುಮುಖ ಎಂದೇ ಹೆಸರಿಟ್ಟೆ. “ಏನೂ ಯೋಚನೆ ಮಾಡ್ಬೇಡಿ ಮೇಡಂ, ಎರಡೇ ದಿನ” ಎಂದು ರಸೀದಿ ಹರಿದುಕೊಟ್ಟ. ನಾಲ್ಕನೆಯ ದಿನ ಕೇಳಿದರೆ ಚಾರ್ಜರ್ ಪರೀಕ್ಷೆ ಮಾಡುತ್ತಿದ್ದಾರೆ ಎಂದ. ಆರನೆಯ ದಿನ, ಬ್ಯಾಟರಿ ಸವೆಯುವ ಭಾಗ, ಅದಕ್ಕೆ ವಾರಂಟಿ ಆರೇ ತಿಂಗಳು ಎಂದ. ಒಂಬತ್ತನೆಯ ದಿನ ಅವನೇ ಕರೆದ. ಹೋದರೆ, ಬಿಳಿ ತಟ್ಟೆಯೊಂದನ್ನು ನನ್ನ ಮುಂದೆ ತಳ್ಳಿದ. ಅದರಲ್ಲಿ ಕೂದಲಿನ ಚೂರುಗಳು ಸೇರಿ ಆದ ಒಂದು ಪುಟ್ಟ ಉಂಡೆ, ಎಣ್ಣೆ ಪೌಡರು ಮೆತ್ತಿಕೊಂಡು ಸತ್ತ ಹುಳುವಿನ ಹಾಗೆ ಬಿದ್ದಿತ್ತು. “ನಿಮ್ಮ ಯಂತ್ರದೊಳಗೆ ಸಿಕ್ಕಿದ್ದು. ನೀವೇ ನೋಡಿ, ಎಷ್ಟು ಅಸಹ್ಯ. ಇದು ಗ್ರಾಹಕರ ಅಜಾಗರೂಕತೆ, ವಾರಂಟಿ ಬರಲ್ಲ. ಅಲ್ಲದೆ ನಿಮ್ಮ ವಾರಂಟಿ ಮೊನ್ನೆಗೇ ಮುಗಿದಿದೆ” ಎಂದ, ಅದೇ ನಗುವಿನಲ್ಲಿ. ಯಂತ್ರ ಒಂಬತ್ತು ದಿನ ಅವರ ಹತ್ತಿರವೇ ಬಿದ್ದಿತ್ತು, ವಾರಂಟಿಯ ದಿನಗಳನ್ನು ಅಲ್ಲೇ ಮುಗಿಸಿ ನನಗೇ ತಾರೀಖಿನ ಪಾಠ ಹೇಳುತ್ತಿದ್ದ. ಹಿಂದೆ ಕೂತಿದ್ದವರು ಕತ್ತು ಉದ್ದ ಮಾಡಿ ತಟ್ಟೆ ನೋಡಿದರು. ಒಬ್ಬಾಕೆ ಮೂಗು ಮುಚ್ಚಿಕೊಂಡರು. ಅಮ್ಮ, ದಿನಾ ಬೇರೆಯವರ ಬಾಯಿಯ ಅಚ್ಚಿನಲ್ಲಿ ಕೈಯಾಡಿಸುವ ನನಗೆ ಆ ಕೂದಲಿನಿಂದ ಏನೂ ಆಗಲಿಲ್ಲ. ಆದರೆ ನಾಚಿಕೆಯಾಯಿತು. ಅಪ್ಪನ ಕಸುಬನ್ನೇ ತಟ್ಟೆಯಲ್ಲಿಟ್ಟು ಹತ್ತು ಜನಕ್ಕೆ ತೋರಿಸಿದ ಹಾಗಾಯಿತು. ಯಂತ್ರವನ್ನು ಅಲ್ಲೇ ಬಿಟ್ಟು, ಜಗಳವಾಡದೆ ಎದ್ದು ಬಂದೆ. ಹಾಗೆ ಎದ್ದು ಬಂದೆನಲ್ಲ ಎಂದು ನನ್ನ ಮೇಲೂ ಹೇಸಿಗೆಯಾಯಿತು.

ಅಷ್ಟು ದಿನ ಅಂಗಡಿಯಲ್ಲಿ ನಡೆದದ್ದು ಕೇಳು. ಅಪ್ಪ ಸೋಪಿನ ಚೂರಿನಿಂದ ಕನ್ನಡಿಯ ಮೇಲೆ ಬರೆದು ತೋರಿಸುತ್ತಿದ್ದರು. ಮೀಸೆ ಇಡಲೋ ತೆಗೆಯಲೋ ಎಂದು ಬರೆದದ್ದನ್ನು ಕನ್ನಡಕ ತೆಗೆದಿಟ್ಟು ಕೂತಿದ್ದ ಬಸ್ ಕಂಡಕ್ಟರೊಬ್ಬರು ಓದಲಾಗದೆ ಸುಮ್ಮನೆ ತಲೆಯಾಡಿಸಿದರು, ಇಪ್ಪತ್ತು ವರ್ಷದ ಮೀಸೆ ಹೋಯಿತು. ಪಾಪ, ಮೂಗಿನ ಕೆಳಗೆ ಸವರಿಕೊಳ್ಳುತ್ತ ಎದ್ದು ಹೋದವರು ಮತ್ತೆ ಬರಲಿಲ್ಲ. ಮೊದಲು ನಗು ಬಂತು, ಆಮೇಲೆ ಬರಲಿಲ್ಲ. ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದರೆ ಅಪ್ಪ ಗಿರಾಕಿಯ ಕುರ್ಚಿಯಲ್ಲಿ ತಾವೇ ಕೂತು ಕನ್ನಡಿ ನೋಡುತ್ತಿದ್ದರು. ಕನ್ನಡಿಯ ಮೇಲೆ ಏನೂ ಬರೆದಿರಲಿಲ್ಲ. ಬರೆದು ತೋರಿಸಲು ಯಾರೂ ಇರಲಿಲ್ಲ.

ಆವತ್ತು ವಾರಂಟಿ ಕಾಗದವನ್ನು ಲ್ಯಾಬಿಗೆ ಒಯ್ದು, ಹಲ್ಲಿನ ಅಂಚು ನೋಡುವ ಭೂತಗನ್ನಡಿಯ ಕೆಳಗಿಟ್ಟು, ಇರುವೆ ಸಾಲಿನಂಥ ಅಕ್ಷರವನ್ನು ಪೂರ್ತಿ ಓದಿದೆ. ಬ್ಯಾಟರಿಯ ಶಕ್ತಿ ಕುಂದಿದರೆ ಆರು ತಿಂಗಳು ಎಂದಿತ್ತು, ಅದು ನಿಜ. ಅದರ ಕೆಳಗೇ, ಬ್ಯಾಟರಿ ಊದಿಕೊಂಡರೆ ಅದು ತಯಾರಿಕೆಯ ದೋಷ, ಪೂರ್ತಿ ವರ್ಷ ಬದಲಿಸಿ ಕೊಡಲಾಗುವುದು, ಲೆಕ್ಕಕ್ಕೆ ಬರುವುದು ದೂರು ಕೊಟ್ಟ ದಿನ ಎಂದು ಬರೆದಿತ್ತು. ನಗುಮುಖನಿಗೆ ಇದು ಗೊತ್ತಿಲ್ಲದ್ದೇನಲ್ಲ. ಇಷ್ಟು ಚಿಕ್ಕ ಅಕ್ಷರವನ್ನು ಯಾರು ಓದುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು.

ಸೋಮವಾರ ಅಪ್ಪನನ್ನೂ ಕರೆದುಕೊಂಡು ಹೋದೆ. ಅಪ್ಪನೇ ಹಠ ಮಾಡಿ ಹೊರಟರು ಎನ್ನುವುದು ಸರಿ. ಇಸ್ತ್ರಿ ಮಾಡಿದ ಅಂಗಿ, ಕುತ್ತಿಗೆಗೆ ಹೊಸ ಬಟ್ಟೆ. ನಾನು ಕಾಗದ ಮುಂದಿಟ್ಟು ಆ ಸಾಲು ಓದಿದೆ. ನಗುಮುಖ ಅದನ್ನು ನೋಡಲೇ ಇಲ್ಲ. “ಮೇಡಂ, ಯಂತ್ರ ಬಳಸೋರು ಇವರಲ್ವಾ? ನೀವು ಸ್ವಲ್ಪ ಸುಮ್ನಿರಿ. ಸಾರ್, ನೀವೇ ಬಾಯಿಬಿಟ್ಟು ಹೇಳಿ, ಇದನ್ನ ಎಲ್ಲಿಟ್ಟುಕೊಂಡು ಕೆಲಸ ಮಾಡ್ತಿದ್ರಿ?” ಎಂದ. ಅಪ್ಪ ಕೌಂಟರಿನ ಮೇಲೆ ತಂದಿಟ್ಟಿದ್ದ ಲ್ಯಾಪ್‌ಟಾಪ್ ತೋರಿಸಿದರು, ಆಮೇಲೆ ಕುತ್ತಿಗೆ ತೋರಿಸಿದರು. ಅವನಿಗೆ ಅರ್ಥವಾಗಲಿಲ್ಲ. “ಹೇಳಿ ಸಾರ್, ಹೇಳಿ” ಎನ್ನುತ್ತಲೇ ಇದ್ದ. ಅಷ್ಟರಲ್ಲಿ ಒಳಗಿನಿಂದ ರಿಪೇರಿ ಮಾಡುವ ಹೆಂಗಸು ಸ್ಕ್ರೂಡ್ರೈವರ್ ಹಿಡಿದೇ ಹೊರಗೆ ಬಂದಳು. ನನ್ನ ವಯಸ್ಸಿನವಳೇ. ಅಪ್ಪನನ್ನೊಮ್ಮೆ ನೋಡಿ, ಯಾರನ್ನೂ ಕೇಳದೆ ಕೌಂಟರಿನ ಮೇಲೇ ಯಂತ್ರದ ತಳ ಬಿಚ್ಚಿ ಬ್ಯಾಟರಿ ಹೊರಗಿಟ್ಟಳು. ಚಪ್ಪಟೆಯಾಗಿ ಇರಬೇಕಾದದ್ದು ಮಗುವಿನ ತಲೆದಿಂಬಿನ ಹಾಗೆ ಉಬ್ಬಿತ್ತು. ಪಕ್ಕದ ಕೌಂಟರಿನವರು ಎರಡು ಹೆಜ್ಜೆ ಹಿಂದೆ ಸರಿದರು. “ಬ್ಯಾಟರಿ ಇಲ್ದೇನೂ ಇದು ಕರೆಂಟಲ್ಲಿ ಓಡುತ್ತೆ. ಅವರು ಮಾತಾಡ್ಲಿ” ಎಂದು ವೈರು ಚುಚ್ಚಿದಳು.

ಅಪ್ಪ ಕುಟ್ಟಿದರು, ಹತ್ತೂ ಬೆರಳಿನಲ್ಲಿ. ಆ ದನಿ ಕೋಣೆಯ ತುಂಬ ಕೇಳಿತು. “ನಮಸ್ಕಾರ. ನಾನು ಮೂವತ್ತು ವರ್ಷದಿಂದ ಕೂದಲು ಗುಡಿಸ್ತಾ ಇದ್ದೀನಿ. ಕೂದಲು ಹೋದ್ರೆ ತಲೆ ಬೋಳಾಗುತ್ತೆ. ಅದರಿಂದ ಬ್ಯಾಟರಿ ಊದಿಕೊಂಡಿದ್ದು ನಾನೆಲ್ಲೂ ನೋಡಿಲ್ಲ.” ಯಾರೋ ಕಿಸಕ್ಕನೆ ನಕ್ಕರು. ನಗುಮುಖ ತಡಬಡಾಯಿಸಿ ಏನೋ ವರದಿಯ ಮಾತೆತ್ತಿದ. ಆ ಹೆಂಗಸು ಅವನ ಕಡೆ ತಿರುಗಿ, “ಯಾವ ವರದಿ? ಬ್ಯಾಟರಿ ಊದಿದೆ, ಬದಲಿಸಬೇಕು ಅಂತ ನಾನು ಮೊದಲ್ನೇ ದಿನವೇ ಬರೆದುಕೊಟ್ಟಿದ್ದೆ. ಆ ಕೂದಲು ಸಿಕ್ಕಿದ್ದು ಗಾಳಿ ಆಡೋ ಕಿಂಡೀಲಿ, ಚಾರ್ಜಿಗೂ ಅದಕ್ಕೂ ಏನು ಸಂಬಂಧ?” ಎಂದಳು. ಅವಳ ಕೆಲಸಕ್ಕೆ ಏನಾಗುತ್ತದೋ ಎಂದು ನನಗೇ ಭಯವಾಯಿತು.

ಈಗ ಬರೆಯುವುದನ್ನು ಸಮಾಧಾನದಿಂದ ಓದು. ಅಪ್ಪನಿಗೆ ಅದೇ ಹೊತ್ತಿಗೆ ಕೆಮ್ಮು ಬಂತು. ಬಾಯಿಯಿಂದಲ್ಲ, ಕುತ್ತಿಗೆಯ ತೂತಿನಿಂದ. ಬಟ್ಟೆ ಜಾರಿತು. ಕಫ ಹಾರಿ ಕೌಂಟರಿನ ಗಾಜಿನ ಮೇಲೆ ಬಿತ್ತು. ನಗುಮುಖನ ನಗು ಆಗ ಪೂರ್ತಿ ಹೋಯಿತು. ಮುಖ ಕಿವುಚಿ, ಕುರ್ಚಿ ಹಿಂದಕ್ಕೆ ತಳ್ಳಿ, ಪೇಪರ್ ಕರವಸ್ತ್ರದ ಡಬ್ಬಿಯನ್ನು ಪೆನ್ನಿನ ತುದಿಯಿಂದ ನಮ್ಮ ಕಡೆ ದೂಡಿದ. ಅಪ್ಪ ಗಾಜು ಒರೆಸಿದರು, ಅಂಗಡಿಯಲ್ಲಿ ಒರೆಸುವ ಹಾಗೆ, ಮೂಲೆಯಿಂದ ಮೂಲೆಗೆ. ಅವನ ಕೆನ್ನೆಗೆ ಬಾರಿಸಬೇಕು ಎಂದು ಕೈಯೆತ್ತುವಷ್ಟು ರೋಷ ಬಂತು. ಎತ್ತಲಾಗಲಿಲ್ಲ. ಯಾಕೆಂದರೆ ಆ ಮುಖ ನಾನು ನೋಡಿದ್ದೆ. ಊಟದ ಮೇಜಿನಲ್ಲಿ ಅಪ್ಪ ಕೆಮ್ಮಿದಾಗ ನಿನ್ನದು ಹಾಗೇ ಆಗುತ್ತಿತ್ತು. ನನ್ನದೂ ಆಗುತ್ತಿತ್ತು, ನಾನು ನೀರು ತರುವ ನೆವದಲ್ಲಿ ಎದ್ದು ಹೋಗುತ್ತಿದ್ದೆ, ಅಷ್ಟೇ. ನೀನು ಹೋಗಿ ಏಳು ತಿಂಗಳಾಯಿತು. ದೊಡ್ಡಮ್ಮನ ಕಣ್ಣಿಗೋಸ್ಕರ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ನಾನು ಈ ಮನೆಯಲ್ಲೇ ಇದ್ದೇನೆ, ಆದರೆ ಈ ಏಳು ತಿಂಗಳಲ್ಲಿ ಒಂದು ದಿನವೂ ಅಪ್ಪನ ಎದುರು ಕೂತು ಊಟ ಮಾಡಿಲ್ಲ. ಲ್ಯಾಬಿನಲ್ಲೇ ತಿಂದೆ ಎನ್ನುತ್ತೇನೆ, ಅವರು ಎಂದೂ ಮರುಪ್ರಶ್ನೆ ಕೇಳುವುದಿಲ್ಲ. ಎಲ್ಲವನ್ನೂ ಕೇಳುವ ಮನುಷ್ಯ ಅದೊಂದನ್ನು ಮಾತ್ರ ಕೇಳಿಲ್ಲ ಅಮ್ಮ. ನಿನ್ನನ್ನು ಬೈಯಲು ನನಗೆ ಯಾವ ಹಕ್ಕಿದೆ?

ಕಡೆಗೆ ಮ್ಯಾನೇಜರ್ ಬಂದರು, ಕಾಗದ ಓದಿದರು, ಸಹಿ ಹಾಕಿದರು. ಎರಡು ನಿಮಿಷದ ಕೆಲಸ. ಅದಕ್ಕೆ ಎರಡು ವಾರ ನಮ್ಮನ್ನು ಅಲೆಸಿದ್ದರು. ಕ್ಷಮೆ ಎಂಬ ಪದ ಯಾರ ಬಾಯಿಂದಲೂ ಬರಲಿಲ್ಲ. ಹೋಗುವಾಗ ಐದು ನಕ್ಷತ್ರ ಕೊಡಿ ಎಂದು ಒಂದು ಚೀಟಿ ಕೊಟ್ಟರು, ಹರಿದು ಅಲ್ಲೇ ಬುಟ್ಟಿಗೆ ಹಾಕಿದೆ. ಹೊಸ ಬ್ಯಾಟರಿ ನಿನ್ನೆ ಬಂತು. ಹಾಕಿಕೊಟ್ಟವಳು ಅದೇ ಹೆಂಗಸು, ಕೆಲಸ ಹೋಗಿಲ್ಲ, ಸದ್ಯ. ಕಿಂಡಿಗೆ ತೆಳು ಬಟ್ಟೆಯ ಒಂದು ಪರದೆಯನ್ನೂ ಅಂಟಿಸಿಕೊಟ್ಟಳು. ಇವತ್ತು ಬೆಳಗ್ಗೆ ಪೋಸ್ಟ್‌ಮಾಸ್ತರು ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದರಂತೆ. ಇಷ್ಟು ದಿನದ ಮಾತನ್ನೆಲ್ಲ ಅಪ್ಪ ಒಂದೇ ಸಲಕ್ಕೆ ಆಡಿಸಿ ಮಧ್ಯಾಹ್ನದೊಳಗೆ ಚಾರ್ಜು ಪೂರ್ತಿ ಮುಗಿಸಿದರು. ಈ ಸಲ ಯಂತ್ರದ ತಪ್ಪಲ್ಲ.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ದೊಡ್ಡಮ್ಮನಿಗೆ ನನ್ನ ನಮಸ್ಕಾರ ಹೇಳು. ಮೆಟ್ಟಿಲು ಹತ್ತುವುದನ್ನು ಕಡಿಮೆ ಮಾಡು. ನಾನು ಬರೆದದ್ದರಲ್ಲಿ ಏನಾದರೂ ಚುಚ್ಚಿದ್ದರೆ, ಅರ್ಧ ಮುಳ್ಳು ನನಗೂ ಚುಚ್ಚಿದೆ ಎಂದುಕೊಂಡು ಕ್ಷಮಿಸು.

ನಿನ್ನ ಮುದ್ದಿನ,
ಹಲ್ಲುಮಾಸ್ತರಿಣಿ
(ಅಪ್ಪ ಯಂತ್ರದಲ್ಲಿ ನನ್ನನ್ನು ಈಗ ಹೀಗೇ ಕರೆಯುವುದು)

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದೊಂದು. ಅಪ್ಪನ ಕುತ್ತಿಗೆಯ ನಳಿಕೆಯನ್ನು ದಿನಾ ತೆಗೆದು ತೊಳೆದು ಹಾಕಬೇಕು. ಇಷ್ಟು ದಿನ ಬಚ್ಚಲಿನ ಬಾಗಿಲು ಹಾಕಿಕೊಂಡು ಅವರೊಬ್ಬರೇ ಮಾಡಿಕೊಳ್ಳುತ್ತಿದ್ದರು. ಮಂಗಳವಾರದಿಂದ ನಾನು ಮಾಡುತ್ತಿದ್ದೇನೆ. ಮೊದಲ ದಿನ ವಾಂತಿಯಾಯಿತು, ಅಪ್ಪನೇ ನನ್ನ ಬೆನ್ನು ಸವರಿದರು. ನಿನ್ನೆ ಬರೀ ಕಣ್ಣಲ್ಲಿ ನೀರು ಬಂತು. ಇವತ್ತು, ಈ ಕಾಗದ ಮುಗಿಸಿ ಎದ್ದು ತೊಳೆದಾಗ, ಏನೂ ಆಗಲಿಲ್ಲ, ಆಮೇಲೆ ಇಬ್ಬರೂ ಕೂತು ಊಟ ಮಾಡಿದೆವು. ಐದು ನಿಮಿಷದ ಕೆಲಸ ಅಮ್ಮ, ಅಷ್ಟೇ. ನೀನು ಬಾ, ಹೇಳಿಕೊಡುತ್ತೇನೆ. ಮೊದಲ ದಿನ ನಿನ್ನ ಬೆನ್ನು ಸವರಲು ನಾವಿಬ್ಬರು ಇರುತ್ತೇವೆ.