ಪೂನಮ್ ಜೊತೆ ಕೊನೆಯ ಕುಸ್ತಿ

ಭಾನುವಾರ, ನವೆಂಬರ್ 23. ಗ್ರೇಟರ್ ನೋಯ್ಡಾ.

ಪೂನಮ್ ಇವತ್ತು ಕೊನೆಯ ಸಲ ನನ್ನನ್ನು ಎತ್ತಿ ಒಗೆದಳು. ಮುಂದಿನ ವಾರ ಅವಳ ಮದುವೆ. ಅತ್ತೆಮನೆಯವರಿಗೆ ಈ ಕುಸ್ತಿ ಬೇಡವಂತೆ.

ನಮ್ಮದು ಷೋ ಕುಸ್ತಿ. ಅವಳು ನಾಯಕಿ, ನಾನು ಖಳನಾಯಕಿ. ಯಾರು ಗೆಲ್ಲಬೇಕೆಂಬುದು ಮೊದಲೇ ನಿರ್ಧಾರವಾಗಿರುತ್ತದೆ, ಬಿದ್ದ ನೋವು ಮಾತ್ರ ನಿಜ. ಹೆಂಗಸರ ಪಂದ್ಯ ಎಂದು ಕೂಗಿದ್ದೇ ತಡ, ಅರ್ಧ ಜನ ಚಹಾಕ್ಕೆ ಎದ್ದು ಹೋದರು. ಕೋಚ್ ಮೇಡಂ ನಕ್ಕರು. "ನಮ್ಮ ಕಾಲದಲ್ಲಿ ಸರ್ಕಸ್ ಡೇರೆಯಲ್ಲಿ ಆನೆ ಆದಮೇಲೆ, ಜೋಕರ್‌ಗೆ ಮೊದಲು ನಮ್ಮನ್ನು ಬಿಡುತ್ತಿದ್ದರು. ನಿಮಗೆ ಅರ್ಧ ಜನವಾದರೂ ಉಳಿದಿದ್ದಾರೆ."

ಎತ್ತುವ ಮುಂಚೆ ಪೂನಮ್ ಯಾವಾಗಲೂ ನನ್ನ ಕಿವಿಯಲ್ಲಿ "ತಯಾರ್?" ಎನ್ನುತ್ತಾಳೆ. ನಾನು ಅವಳ ಭುಜ ಅದುಮಿದರೆ ಹೂಂ ಎಂದರ್ಥ. ಇವತ್ತು ಅದುಮಲಿಲ್ಲ. ಅವಳು ಹಿಡಿದುಕೊಂಡೇ ಕಾದಳು. ಜನ ಕೂಗುತ್ತಿದ್ದರು.

"ಚಲೋ, ಗಾನವಿ," ಎಂದಳು. ದನಿ ಒಡೆದಿತ್ತು.

ಅದುಮಿದೆ. ಎಂದಿನಂತೆ ತಲೆಗೆ ಪೆಟ್ಟಾಗದ ಹಾಗೆ ಕೈಯೊಡ್ಡಿ ಒಗೆದಳು.

ಸಂಜೆ ಅಮ್ಮನ ಫೋನು. "ಅಲ್ಲಿ ನಿನ್ನವರು ಅಂತ ಯಾರಾದರೂ ಇದ್ದಾರೇನೇ?" ಇದ್ದಾರೆ ಎಂದೆ. ಅಮ್ಮನಿಗೂ ನನ್ನ ಆಫೀಸಿನವರಿಗೂ ಈ ಕುಸ್ತಿಯ ವಿಷಯ ಗೊತ್ತಿಲ್ಲ. ಈ ಊರಿನಲ್ಲಿ ನನ್ನನ್ನು ಮುಟ್ಟುತ್ತಿದ್ದವಳು ಪೂನಮ್ ಒಬ್ಬಳೇ ಎಂದು ಹೇಗೆ ಹೇಳಲಿ?

ಬೆನ್ನು ಉರಿಯುತ್ತಿದೆ. ಪಂದ್ಯ ಮುಗಿದ ಮೇಲೆ ಮುಲಾಮು ಅವಳೇ ಹಚ್ಚುತ್ತಿದ್ದಳು. ಇವತ್ತು ಅವಳ ಅಣ್ಣ ಕಾರು ತಂದಿದ್ದ, ಬೇಗ ಹೊರಟಳು. ಎಷ್ಟು ಚಾಚಿದರೂ ನನ್ನ ಕೈ ಅಲ್ಲಿಗೆ ಎಟುಕುತ್ತಿಲ್ಲ. ಬೋರಲು ಮಲಗುತ್ತೇನೆ, ಇನ್ನೇನು ಮಾಡಲಿ.