ನಾನು ಬದಲಿಸಿದ ಒಂದು ಪದ

ಮನೆಯಿಂದ,
ಜೂನ್ ೧೫, ಭಾನುವಾರ

ಪ್ರೀತಿಯ ಮರಿ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ನಿನ್ನ ಕೈ ಹೇಗಿದೆ? ಇದೇನು, ಅಮ್ಮ ಕೈಯನ್ನು ವಿಚಾರಿಸುತ್ತಿದ್ದಾಳೆ ಅಂದುಕೊಳ್ಳುತ್ತೀಯ, ಮುಂದೆ ಹೇಳುತ್ತೇನೆ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪ ಹೊಸ ಕನ್ನಡಕ ಮಾಡಿಸಿಕೊಂಡು ಬಂದು, ಗೀರು ಬೀಳಬಾರದೆಂದು ಅದನ್ನು ಡಬ್ಬಿಯಲ್ಲಿಟ್ಟು, ಹಳೆಯದನ್ನೇ ಹಾಕಿಕೊಂಡು ಪೇಪರ್ ಓದುತ್ತಾರೆ. ನನ್ನ ಕುತ್ತಿಗೆ ನೋವು ಇದ್ದ ಹಾಗೇ ಇದೆ. ಟೈಪಿಂಗ್ ಬಿಟ್ಟರೆ ಹೋಗುತ್ತದೆ ಅಂತ ಡಾಕ್ಟರು, ಬಿಟ್ಟರೆ ತಲೆ ಕೆಡುತ್ತದೆ ಅಂತ ನಾನು. ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಾದರೆ ನಿನ್ನ ಮಾತು ಮುಗಿಯುವ ಮುಂಚೆಯೇ ನಾನು ಬಾಯಿ ಹಾಕುತ್ತೇನೆ. ಈ ಚಾಳಿ ನನಗಿದೆ ಎಂದು ಮೊನ್ನೆ ಮೊನ್ನೆ ತಿಳಿಯಿತು. ಹೇಗೆ ತಿಳಿಯಿತು ಎಂದು ಹೇಳಲು ನಾಚಿಕೆಯಾಗಿ ಮೂರು ಹಾಳೆ ಹರಿದು ಹಾಕಿದ್ದೇನೆ. ಇದು ನಾಲ್ಕನೆಯದು.

ನಾನು ಅವರಿವರ ರೆಕಾರ್ಡಿಂಗ್ ಕೇಳಿ ಟೈಪ್ ಮಾಡಿಕೊಡುವುದು ನಿನಗೆ ಗೊತ್ತೇ ಇದೆ. ವಕೀಲರದ್ದು ಮುಗಿದ ಮೇಲೆ ಕಾಲೇಜಿನ ಒಬ್ಬ ಮೇಡಂ ಕೆಲಸ ಕೊಟ್ಟರು. ಸೋಶಿಯಲ್ ಮೀಡಿಯಾ ಬಳಸುವ ವಯಸ್ಸಿನ ಹುಡುಗ ಹುಡುಗಿಯರ ಮನಸ್ಸಿನ ನೆಮ್ಮದಿ ಏನಾಗಿದೆ ಎಂಬುದು ಅವರ ಸಂಶೋಧನೆ. ಬೇರೆ ಬೇರೆ ಊರಿನ ನಲವತ್ತು ಜನರನ್ನು ಫೋನಿನಲ್ಲಿ ಮಾತಾಡಿಸಿದ್ದಾರೆ. ಏನು ಹಾಕುತ್ತೀರಿ, ಯಾರು ನೋಡಲಿ ಅಂತ ಹಾಕುತ್ತೀರಿ, ಹಾಕಿದ ಮೇಲೆ ಹೇಗನಿಸುತ್ತದೆ, ಇಂಥವೇ ಪ್ರಶ್ನೆ. ಹೆಸರಿರುವುದಿಲ್ಲ, ಬರೀ ನಂಬರು. ನಾನು ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡಬೇಕು. ಕೆಮ್ಮಿದರೆ ಕೆಮ್ಮು, ನಕ್ಕರೆ ನಗು, ಸುಮ್ಮನಾದರೆ ಎಷ್ಟು ಸೆಕೆಂಡು ಎಂಬುದನ್ನೂ ಬರೆಯಬೇಕು. ಇಪ್ಪತ್ತೆರಡು ವರ್ಷದಲ್ಲಿ ಯಾರ ಮಾತನ್ನೂ ನಾನು ತಿದ್ದಿದವಳಲ್ಲ, ಆ ಜಂಬ ನನಗಿತ್ತು. ಇನ್ನೊಂದು ಷರತ್ತೂ ಇತ್ತು. ಪರಿಚಯದ ದನಿ ಎನಿಸಿದರೆ ಅಲ್ಲಿಗೇ ನಿಲ್ಲಿಸಿ ವಾಪಸ್ ಕೊಡಬೇಕು. ಅದಕ್ಕೆ ಸಹಿಯನ್ನೂ ಹಾಕಿದ್ದೆ.

ಮೂವತ್ತೊಂದನೆಯ ನಂಬರಿನ ರೆಕಾರ್ಡಿಂಗ್ ಹಾಕಿದ್ದು ಒಂದು ಮಂಗಳವಾರ, ಬೆಳಗಿನ ಪಾತ್ರೆ ತೊಳೆದಿಟ್ಟು ಬಂದು. ಮೇಡಂ ಮೊದಲ ಪ್ರಶ್ನೆ ಕೇಳಿದರು. ಆ ಕಡೆಯಿಂದ "ಅದೇನಂದ್ರೆ, ಅದೇನಂದ್ರೆ" ಎಂದು ಎರಡು ಸಲ ಬಂತು. ಚಿಕ್ಕವಳಿದ್ದಾಗ ಶಾಲೆಯಲ್ಲಿ ಕೊಡೆ ಕಳೆದುಕೊಂಡು ಬಂದು ಬಾಗಿಲಲ್ಲಿ ನಿಂತು ನೀನು ಹೇಗೆ ಶುರು ಮಾಡುತ್ತಿದ್ದೆಯೋ ಹಾಗೇ. ನಾನು ಹೆಡ್‌ಫೋನ್ ತೆಗೆದಿಟ್ಟೆ. ಎದ್ದು ಹೋಗಿ ನೀರು ಕುಡಿದೆ. ವಾಪಸ್ ಬಂದು ಬಾಗಿಲು ಹಾಕಿಕೊಂಡು ಪೂರ್ತಿ ಕೇಳಿದೆ, ಐವತ್ತನಾಲ್ಕು ನಿಮಿಷ. ಆಮೇಲೆ ಇನ್ನೆರಡು ಸಲ ಕೇಳಿದೆ. ನೀನು ಗುರುತು ಪರಿಚಯ ಇಲ್ಲದವರ ಮುಂದೆ ಧೈರ್ಯ ಮಾಡಿ ಬಿಚ್ಚಿಟ್ಟ ಮಾತನ್ನು ನಾನು ಕದ್ದು ಕೇಳಿದೆ ಮರಿ. ಅದಕ್ಕೆ ಬೇರೆ ಹೆಸರಿಲ್ಲ.

ಡಿಸೆಂಬರಿನಲ್ಲಿ ನೀನು ಲ್ಯಾಬ್ ಕೆಲಸ ಬಿಟ್ಟದ್ದು ನನಗೆ ತಿಳಿದದ್ದು ಆವತ್ತೇ. ಇಬ್ಬರ ರಕ್ತದ ಶೀಶೆಗಳ ಚೀಟಿ ಅದಲುಬದಲಾದದ್ದು, ಒಂದು ದಿನದ ಮಟ್ಟಿಗೆ ಒಬ್ಬರ ರಿಪೋರ್ಟು ಇನ್ನೊಬ್ಬರ ಕೈ ಸೇರಿದ್ದು, ಯಾರಿಗೂ ಏನೂ ಆಗದಿದ್ದರೂ ಮರುದಿನದಿಂದ ಶೀಶೆ ಹಿಡಿದರೆ ನಿನ್ನ ಕೈ ನಡುಗಲು ಶುರುವಾದದ್ದು. ಈಗ ಲಾಂಡ್ರಿಯಲ್ಲಿ ಹೋಟೆಲಿನ ಹೊದಿಕೆ ಒಗೆದು ಮಡಚುತ್ತಿರುವುದು, ಸೋಪಿಗೆ ಬೆರಳ ಸಂದಿ ಒಡೆದಿರುವುದು. ಅಲ್ಲಿನ ಹೆಂಗಸರು ಒಳ್ಳೆಯವರು, ನಗಿಸುತ್ತಾರೆ ಎಂದು ನೀನು ಹೇಳಿದೆ, ಅದನ್ನು ಕೇಳಿ ನನಗೆ ಸಮಾಧಾನವಾಯಿತು. ಆಮೇಲೆ ಫೋಟೋಗಳ ವಿಷಯ. ಕೆಲಸ ಬಿಡುವ ದಿನ ಬಿಳಿ ಕೋಟು ಹಾಕಿಕೊಂಡು, ಮೂರು ಸಲ ಜಡೆ ಬದಲಾಯಿಸಿ, ನಾಲ್ಕು ಸಲ ಒಳಗಿನ ಅಂಗಿ ಬದಲಾಯಿಸಿ, ರಾಶಿ ಫೋಟೋ ತೆಗೆದಿಟ್ಟುಕೊಂಡೆಯಂತೆ. ವಾರಕ್ಕೊಂದರಂತೆ ಹಾಕುತ್ತಾ ಬಂದೆಯಂತೆ. ಹಾಕಿದ ದಿನ ಫೋನನ್ನು ದಿಂಬಿನ ಕೆಳಗೆ ತುರುಕಿಬಿಡುತ್ತೇನೆ ಎಂದೆ. ಅವನ್ನೆಲ್ಲ ನಾನು ನಮ್ಮ ನೆಂಟರ ಗುಂಪಿಗೆ ಕಳಿಸುತ್ತಿದ್ದೆನಲ್ಲ, "ನಮ್ಮ ಮಗಳು ಡ್ಯೂಟಿಯಲ್ಲಿ" ಎಂದು ಬರೆದು, ಪಕ್ಕದಲ್ಲಿ ನಾಲ್ಕು ಹೂವು ಹಾಕಿ. ನಿನ್ನ ದೊಡ್ಡಮ್ಮ ಏನೂ ಅನ್ನದಿದ್ದರೆ ಮತ್ತೊಮ್ಮೆ ಕಳಿಸುತ್ತಿದ್ದೆ.

ಯಾರಿಗೋಸ್ಕರ ಹಾಕ್ತೀರಿ ಎಂದು ಮೇಡಂ ಕೇಳಿದರು. ನೀನು ಹನ್ನೊಂದು ಸೆಕೆಂಡ್ ಸುಮ್ಮನಿದ್ದೆ. ಆಮೇಲೆ ಹೇಳಿದೆ, "ಅಮ್ಮನಿಗೆ. ಅವಳ ಹತ್ರ ಏನಾದ್ರೂ ಹೇಳೋಕ್ ಹೋದ್ರೆ ಅರ್ಧದಲ್ಲೇ ಬುದ್ಧಿ ಹೇಳೋಕ್ ಶುರು ಮಾಡ್ತಾಳೆ. ಫೋಟೋ ಹಾಕಿದ್ರೆ ಸುಮ್ನಿರ್ತಾಳೆ."

ಹನ್ನೊಂದು ಸೆಕೆಂಡನ್ನು ಸರಿಯಾಗಿಯೇ ಬರೆದೆ. ಆದರೆ "ಅಮ್ಮನಿಗೆ" ಎನ್ನುವ ಕಡೆ ಬೆರಳು ಹೋಗಲಿಲ್ಲ. "ಮನೆಯವರಿಗೆ" ಎಂದು ಟೈಪ್ ಮಾಡಿದೆ. ಅದರ ಹಿಂದೆಯೇ "ಅವಳ" ಇದ್ದದ್ದು "ಅವರ" ಆಯಿತು, "ಮಾಡ್ತಾಳೆ" "ಮಾಡ್ತಾರೆ" ಆಯಿತು, "ಸುಮ್ನಿರ್ತಾಳೆ" "ಸುಮ್ನಿರ್ತಾರೆ" ಆಯಿತು. ಅಷ್ಟೇ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು ಕಳಿಸಿಬಿಟ್ಟೆ. ಒಂಬತ್ತು ದಿನದ ಮೇಲೆ ಮೇಡಂ ಫೋನ್ ಮಾಡಿ, ಮೂವತ್ತೊಂದನೆಯ ಹುಡುಗಿ ಎಲ್ಲರಿಗಿಂತ ಪ್ರಾಮಾಣಿಕವಾಗಿ ಮಾತಾಡಿದ್ದಾಳೆ, ಯಾರಿಗೋಸ್ಕರ ಎಂದದ್ದಕ್ಕೆ ಕೊಟ್ಟ ಆ ಉತ್ತರವನ್ನು ನನ್ನ ಪ್ರಬಂಧದ ಒಂದು ಅಧ್ಯಾಯದ ತಲೆಯಲ್ಲೇ ಹಾಕುತ್ತೇನೆ, ನೀವೂ ಎಷ್ಟು ಅಚ್ಚುಕಟ್ಟಾಗಿ ಟೈಪ್ ಮಾಡಿದ್ದೀರಿ ಎಂದು ಹೊಗಳಿದರು. ಪ್ರಾಮಾಣಿಕ ಎನ್ನುವ ಮಾತು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ.

ಶುಕ್ರವಾರ ಕಾಲೇಜಿಗೆ, ಅವರ ಕೋಣೆಗೆ ಹೋದೆ. ಮೂರನೆಯ ಮಹಡಿ, ಲಿಫ್ಟ್ ಕೆಟ್ಟಿತ್ತು, ಒಳ್ಳೆಯದೇ ಆಯಿತು, ಹತ್ತುತ್ತಾ ಹೇಳಬೇಕಾದ್ದನ್ನು ಜೋಡಿಸಿಕೊಂಡೆ. ಅಲ್ಲಿಗೆ ಹೋದ ಮೇಲೆ ಎಲ್ಲ ಮರೆತುಹೋಗಿ, ಅವಳು ನನ್ನ ಮಗಳು ಎಂದಷ್ಟೇ ಬಾಯಿಗೆ ಬಂತು. ಮೇಡಂಗೆ ಹೆಚ್ಚೆಂದರೆ ಮೂವತ್ತೈದು ವರ್ಷ ಇರಬಹುದು. ಎದುರಿಗಿದ್ದ ಕಾಗದದ ಕಟ್ಟನ್ನು ಪಕ್ಕಕ್ಕೆ ಸರಿಸಿ, ಬೈಯದೆ ಎಲ್ಲ ಕೇಳಿಸಿಕೊಂಡರು. ಬೈದಿದ್ದರೆ ವಾಸಿಯಿತ್ತು. ನಾನು ಟೈಪ್ ಮಾಡಿದ್ದ ಅಷ್ಟೂ ರೆಕಾರ್ಡಿಂಗನ್ನು ಬೇರೆಯವರ ಕೈಯಲ್ಲಿ ಮೊದಲಿಂದ ಕೇಳಿಸಿ ತಾಳೆ ನೋಡಿಸಬೇಕು ಎಂದರು. ನನ್ನ ಇಪ್ಪತ್ತೆರಡು ವರ್ಷದ ಜಂಬ ಅಲ್ಲಿಗೆ ಮುಗಿಯಿತು. ಆಮೇಲೆ, "ಈ ವಿಷಯ ಅವರಿಗೆ ತಿಳಿಸಲೇಬೇಕು. ನೀವು ಹೇಳ್ತೀರಾ, ನಾನು ಹೇಳ್ಲಾ?" ಎಂದರು. ನಾನೇ ಹೇಳ್ತೀನಿ ಎಂದೆ. ನಿನ್ನ ಮಾತು ಸಂಶೋಧನೆಯಲ್ಲಿ ಇರಲಿ ಎಂದರೆ ಇರುತ್ತದೆ, ಬೇಡವೆಂದರೆ ಅಳಿಸಿಹಾಕುತ್ತಾರೆ. ಅವರ ನಂಬರು ನಿನ್ನ ಹತ್ತಿರ ಇದ್ದೇ ಇರುತ್ತದೆ. ನನ್ನ ಮೂಲಕ ಹೇಳಿಸಬೇಡ, ನೀನೇ ಮಾತಾಡು.

ನಿಮ್ಮಪ್ಪನಿಗೆ ನಾನು ಏನೂ ಹೇಳಿಲ್ಲ. ನೆಂಟರಿಗೂ ಇಲ್ಲ. ಅದು ನೀನು ಹೇಳಬೇಕೆನಿಸಿದಾಗ ಹೇಳುವ ವಿಷಯ, ಇಲ್ಲದಿದ್ದರೆ ಇಲ್ಲ. ಲಾಂಡ್ರಿ ಬಿಡು, ಲ್ಯಾಬಿಗೆ ಹೋಗು ಎಂದು ಬರೆಯಲು ಕೈ ತುರಿಸುತ್ತಿದೆ, ಬರೆಯುವುದಿಲ್ಲ. ಕೈಗೆ ಮುಲಾಮು ಕಳಿಸುತ್ತಿದ್ದೇನೆ, ಇಷ್ಟಕ್ಕೆ ಅನುಮತಿ ಕೊಡು. ಕೆಲಸದಿಂದ ಬಂದ ಮೇಲೆ ಹಚ್ಚಿಕೋ. ಎಲ್ಲಿದ್ದರೂ ಹಾಯಾಗಿ ಉಸಿರಾಡಿಕೊಂಡಿರು ತಾಯಿ, ನನಗೆ ಬೇರೇನೂ ಬೇಡ.

ಇತಿ,
ನಿನ್ನ ಅಮ್ಮ

ತಾ.ಕ.: ಕವರು ಅಂಟಿಸಿದ್ದವಳು ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನೀನು ಲ್ಯಾಬ್ ಬಿಟ್ಟದ್ದು ನನಗೆ ತಿಳಿದದ್ದು ರೆಕಾರ್ಡಿಂಗಿನಿಂದ ಅಲ್ಲ. ಫೆಬ್ರವರಿಯಲ್ಲಿ ನಿನ್ನ ರೂಮಿನ ಹುಡುಗಿ ನಿನಗೆ ಗೊತ್ತಿಲ್ಲದ ಹಾಗೆ ಫೋನ್ ಮಾಡಿದ್ದಳು. "ಆಂಟಿ, ಅವಳು ಕೆಲಸ ಬಿಟ್ಟು ಎರಡು ತಿಂಗಳಾಯ್ತು. ಸರಿಯಾಗಿ ತಿಂತಿಲ್ಲ. ನೀವೊಂದ್ಸಲ ಬಂದ್ ಹೋಗಿ" ಎಂದಳು. ಆಯ್ತಮ್ಮ ಎಂದೆ. ಹೊರಡಲಿಲ್ಲ. ಎರಡು ದಿನ ಬಿಟ್ಟು ನೀನು ಬಿಳಿ ಕೋಟಿನ ಫೋಟೋ ಹಾಕಿದೆ. ಸುಳ್ಳೆಂದು ಗೊತ್ತಿದ್ದೂ ಅದನ್ನು ಎಲ್ಲರಿಗೂ ಕಳಿಸಿದೆ. ಆಮೇಲೆ ಬಂದ ಎಲ್ಲವನ್ನೂ ಕಳಿಸಿದೆ. ಆ ಹುಡುಗಿಯ ಮೇಲೆ ಸಿಟ್ಟಾಗಬೇಡ.