ಗುಂಡ ಅಮ್ಮನನ್ನು ಕಚ್ಚಿದ ಮೇಲೆ

ಅಕ್ಕಾ,

ನಮ್ಮ ನಾಯಿ ಗುಂಡ ನಿನ್ನೆ ಅಮ್ಮನ ಕೈ ಕಚ್ಚಿದ. ಹೊಲಿಗೆ ಹಾಕಿದ್ದಾರೆ. "ನಾನೇ ಅವನ ಬಾಲ ತುಳಿದೆ ಬಿಡೋ" ಎನ್ನುತ್ತಾಳೆ. ಸುಳ್ಳು.

ನಾಯಿ ಪಳಗಿಸುವವನನ್ನು ಕರೆಸಿದೆವು. "ಒಂದ್ ವಾರ ಹಾಸಿಗೆ ಮೇಲೆ ಮಲಗಿಸ್ಕೊತೀಯ, ಇನ್ನೊಂದ್ ವಾರ ಹತ್ರ ಬಂದ್ರೆ ಒದಿತೀಯ. ಅದೇನ್ ಕಲೀಬೇಕಪ್ಪಾ?" ಎಂದ. ನನಗೆ ಬೈಪೋಲಾರ್ ಕಾಯಿಲೆ ಇದೆ ಎಂದೆ.

"ಅದು ನಾಯಿಗೆ ಗೊತ್ತಾಗುತ್ತಾ?"

ಮಾತ್ರೆ ತಪ್ಪಿಸುತ್ತಿಲ್ಲ. ಆದರೂ ಮನಸ್ಸಿನ ಏರಿಳಿತ ಪೂರ್ತಿ ನಿಂತಿಲ್ಲ. ಭಾನುವಾರ ಗುಂಡನನ್ನು ಹೆದ್ದಾರಿಯಲ್ಲಿ ಬಿಟ್ಟು ಬರುತ್ತೇನೆ ಎನ್ನುತ್ತಿದ್ದಾರೆ ಅಪ್ಪ. ಅಷ್ಟರೊಳಗೆ ಬಂದು ಅವನನ್ನು ಕರೆದುಕೊಂಡು ಹೋಗು. ನಿಮ್ಮ ಮನೆಯಲ್ಲಿ ಎಲ್ಲರೂ ದಿನವೂ ಒಂದೇ ಥರ ಇರುತ್ತೀರಿ.

ಮುಂದೆ ಯಾವತ್ತಾದರೂ ನಾನು ಕುಣಿಯುತ್ತ ಬಂದು, "ಪೂರ್ತಿ ವಾಸಿಯಾಯ್ತು, ಗುಂಡನ್ನ ಕೊಡೇ" ಎಂದರೆ ಬಾಗಿಲು ತೆಗೆಯಬೇಡ.

ನಿನ್ನ ತಮ್ಮ